ಎರಡು ಪ್ರೊಸೆಸರಿನ ಬೋರ್ಡು ಎಷ್ಟಕ್ಕೆ ಬೀಳುತ್ತದೆ?

ಧನ್ವಾಡದಲ್ಲಿ ಮದುವೆ ವಿಡಿಯೊ ಮಾಡುವ ನಮ್ಮ ಅಣ್ಣನ ಮಗನಿಗೆ ಹೊಸ ಕಂಪ್ಯೂಟರ್ ಬೇಕಾಗಿತ್ತು. ರೊಕ್ಕ ನನ್ನದು, ಆಯ್ಕೆ ಅವನದು. ಅವನ ಮನಸ್ಸು ಕೂತದ್ದು ಎರಡು ಪ್ರೊಸೆಸರ್ ಹಿಡಿಯುವ ಮದರ್‌ಬೋರ್ಡಿನ ಮೇಲೆ. “ಕಾಕಾ, ಎರಡೂ ಸೇರಿ ಇಪ್ಪತ್ತೆಂಟು ಕೋರ್ ಆಗ್ತಾವ್ರಿ. ಸೆಕೆಂಡ್ ಹ್ಯಾಂಡ್, ಅಗ್ಗ ಅದ,” ಅಂದ.

ಈ ಆಸೆ ಹಳೆಯದು. 1999ರಲ್ಲಿ ಆಬಿಟ್ ಬಿಪಿ6 ಬೋರ್ಡಿಗೆ ಎರಡು ಅಗ್ಗದ ಸೆಲೆರಾನ್ ಕೂಡಿಸಿ ಖುಷಿಪಟ್ಟವರು ಬಹಳ ಮಂದಿ. ಆಗ ಅದಕ್ಕೆ ಅರ್ಥವಿತ್ತು. ಮನೆಯ ಕಂಪ್ಯೂಟರಿಗೆ ಒಂದೇ ಚಿಪ್ಪಿನಲ್ಲಿ ಎರಡು ಕೋರ್ ಬಂದದ್ದು 2005ರಲ್ಲಿ.

ಸಿಕಂದರಾಬಾದಿನ ಅಂಗಡಿಯೊಂದರಲ್ಲಿ ನೋಡಿದ್ದು 2016ರ ಇಂಟೆಲ್ ಝಿಯಾನ್ ಇ5-2680 ವಿ4 ಜೋಡಿ. ಡೇಟಾ ಸೆಂಟರುಗಳು ಹಳೆಯ ಸರ್ವರುಗಳನ್ನು ಒಟ್ಟಿಗೆ ಕಳಚಿ ಮಾರುತ್ತವೆ, ಅದಕ್ಕೇ ಬೆಲೆ ಇಳಿಯುತ್ತದೆ. ಅವುಗಳ ರಿಜಿಸ್ಟರ್ಡ್ ರ‍್ಯಾಮ್ ಸಾಮಾನ್ಯ ಬೋರ್ಡಿಗೆ ಕೂಡುವುದಿಲ್ಲ, ಹಾಗಾಗಿ ಅದೂ ಅಗ್ಗ. ನನ್ನ ತಕರಾರು ಶುರುವಾದದ್ದು ಇಲ್ಲೇ. ನಾಳೆ ನಾವು ಮಾರಹೊರಟರೆ ನಾರಾಯಣಪೇಟೆ, ಮಕ್ತಲ, ಗದ್ವಾಲದಲ್ಲಿ ಯಾರು ಕೊಳ್ಳುತ್ತಾರೆ?

ಮೊಬೈಲ್ ಟಾರ್ಚ್ ಹಾಕಿ ಸಾಕೆಟ್ ನೋಡಿದೆ. ಈ ಜಾತಿಯ ಬೋರ್ಡಿನಲ್ಲಿ ಪಿನ್ನುಗಳಿರುವುದು ಸಾಕೆಟ್ಟಿನಲ್ಲೇ: ಒಂದಕ್ಕೆ 2011, ಎರಡಕ್ಕೆ 4022. ಎರಡನೆಯದರ ಮೂಲೆಯಲ್ಲಿ ಒಂದು ಪಿನ್ನು ಬಾಗಿತ್ತು. ಒಂದು ಪಿನ್ನು ಬಾಗಿದರೂ ಒಂದು ಸಾಲಿನ ರ‍್ಯಾಮ್ ಕಾಣದೇ ಹೋಗಬಹುದು. ತೋರಿಸಿದ ಕೂಡಲೇ ಅಂಗಡಿಯವರು ಬೇರೆ ಬೋರ್ಡು ತೆಗೆದಿಟ್ಟರು. ಕೊಳ್ಳುವವರು ಎರಡೂ ಸಾಕೆಟ್ ತೆರೆಸಿ ನೋಡಲೇಬೇಕು, ರ‍್ಯಾಮ್ ಪೂರ್ತಿ ತುಂಬಿಸಿ ಆನ್ ಮಾಡಿಸಲೇಬೇಕು.

ಬೋರ್ಡಿನ ಹಿಂದೆ ಬೇರೆ ಖರ್ಚುಗಳು ಬರುತ್ತವೆ: ದೊಡ್ಡ ಕ್ಯಾಬಿನೆಟ್, ಎರಡು ಕೂಲರ್, ಎರಡೂ ಪ್ರೊಸೆಸರಿಗೆ ಬೇರೆ ಬೇರೆ ವೈರಿರುವ ಎಸ್‌ಎಂಪಿಎಸ್. ವಿಂಡೋಸ್ ಹೋಮ್ ಎರಡನೇ ಪ್ರೊಸೆಸರನ್ನು ಬಳಸುವುದೇ ಇಲ್ಲ, ಪ್ರೊ ಬೇಕು.

ಕರೆಂಟಿನ ಲೆಕ್ಕ ಅಲ್ಲೇ ಚೀಟಿಯ ಮೇಲೆ ಬರೆದೆ. ಒಂದು ಝಿಯಾನಿಗೆ ಕಂಪನಿ ಕೊಟ್ಟ ಮಿತಿ 120 ವ್ಯಾಟ್, ಎರಡಕ್ಕೆ 240. ಅದರ ಬದಲು ಕೊಳ್ಳಬಹುದಾದ ಎಂಟು ಕೋರಿನ ರೈಜನ್ 7 5700ಎಕ್ಸ್‌ಗೆ 65. ವ್ಯತ್ಯಾಸ 175 ವ್ಯಾಟ್; ದಿನಕ್ಕೆ 8 ತಾಸು ಪೂರ್ತಿ ದುಡಿಸಿದರೆ 1.4 ಯೂನಿಟ್, 25 ದಿನಕ್ಕೆ 35. ಅದೂ ಅವನ ಅಂಗಡಿ ಮೀಟರಿನ ದರದಲ್ಲಿ, ವರ್ಷಗಟ್ಟಲೆ.

ಇಷ್ಟೆಲ್ಲ ತೆತ್ತರೂ ಅವನ ಕೆಲಸ ಬೇಗ ಆಗುತ್ತಿರಲಿಲ್ಲ. ಟೈಮ್‌ಲೈನಿನಲ್ಲಿ ಕತ್ತರಿಸಿ ಜೋಡಿಸುವಾಗ ಒಂದೊಂದು ಕೋರಿನ ವೇಗ ಬಹಳ ಮುಖ್ಯ. ಆ ಝಿಯಾನಿನದು ಹೆಚ್ಚೆಂದರೆ 3.3 ಗಿಗಾಹರ್ಟ್ಸ್, ರೈಜನ್ನಿನದು 4.6. ಎಕ್ಸ್‌ಪೋರ್ಟಿನ ಭಾರವನ್ನು ಗ್ರಾಫಿಕ್ಸ್ ಕಾರ್ಡು ಹೊರುತ್ತದೆ.

ಕಡೆಗೆ ರೈಜನ್ ಕೊಂಡೆವು. ಉಳಿದ ರೊಕ್ಕಕ್ಕೆ ಎಸ್‌ಎಸ್‌ಡಿ, ಯುಪಿಎಸ್ ಬಂದವು. ಮುಂದೆ 3ಡಿ ಕೆಲಸ ಹಿಡಿದರೆ ಜೋಡಿ ಬೋರ್ಡಿಗೆ ನಾನೇ ಕೊಡುತ್ತೇನೆ ಎಂದು ಹುಡುಗನಿಗೆ ಹೇಳಿದ್ದೇನೆ. ಬ್ಲೆಂಡರಿನಲ್ಲಿ ರೆಂಡರಿಗೆ ಹಾಕಿದರೆ ಇಪ್ಪತ್ತೆಂಟು ಕೋರೂ ದುಡಿಯುತ್ತವೆ.