ಹಣ್ಣಿನ ತೋಟದ ಬಾವಲಿಗಳ ವಂಶಸಂಬಂಧ

ಸೀಬೆ, ಸಪೋಟ, ಬಾಳೆಗಳು ಹಣ್ಣಾಗುವ ಕಾಲದಲ್ಲಿ ಕತ್ತಲಾಗುತ್ತಲೇ ತೋಟಕ್ಕಿಳಿಯುವ ಸಣ್ಣ ಬಾವಲಿಯನ್ನು ಕಾಣದ ಜಮೀನುದಾರರು ವಿರಳ. ಇದು ಆಲದ ಮರಗಳಲ್ಲಿ ನೂರಾರಾಗಿ ಜೋತುಬೀಳುವ ದೊಡ್ಡ ಬಾವಲಿಯಲ್ಲ. ಗಿಡ್ಡ ಮೂತಿಯ ಬೇರೆ ಜಾತಿ. ಶಾಸ್ತ್ರಜ್ಞರು ಇದನ್ನು ಸೈನೋಪ್ಟಿರಸ್ ಸ್ಫಿಂಕ್ಸ್ ಎಂದು ಕರೆಯುವರು. ತಮ್ಮ ತೋಟದಲ್ಲಿರುವಷ್ಟನ್ನು ಕೊಂದುಬಿಟ್ಟರೆ ಕಾಟವು ತೀರುವುದೆಂದು ಅನೇಕರು ಭಾವಿಸಿರುತ್ತಾರೆ. ಇದು ದಿಟವಾಗಬೇಕಾದರೆ ಆ ಬಾವಲಿಗಳು ಆ ಊರಿನದೇ ಪ್ರತ್ಯೇಕ ವಂಶವಾಗಿರಬೇಕು. ಸಂಗತಿಯು ಹಾಗಿಲ್ಲ.

ಈ ಜಾತಿಯ ಗಂಡು ಬಗನಿ ಮರದ ಕಾಯಿಗೊಂಚಲಿನ ನಡುವಣ ಎಳೆಗಳನ್ನು ಹಲ್ಲಿನಿಂದ ಕತ್ತರಿಸಿ, ಗಂಟೆಯಾಕಾರದ ಪೊಳ್ಳು ಮಾಡಿಕೊಂಡು ಅದರೊಳಗೆ ವಾಸಿಸುತ್ತದೆ. ಒಂದು ಗಂಡಿನ ಬಳಿ ಹಲವು ಹೆಣ್ಣುಗಳು ಸೇರುವುವು. ಊರಿನ ಹಸುಗಳಿಗೆಲ್ಲ ಒಂದೇ ಬೀಜದ ಹೋರಿಯನ್ನು ಬಿಟ್ಟರೆ ಕೆಲವೇ ವರ್ಷಗಳಲ್ಲಿ ಕರುಗಳೆಲ್ಲ ಒಂದೇ ರಕ್ತದವಾಗುವುದನ್ನು ದನ ಸಾಕುವವರು ಬಲ್ಲರು. ಬಾವಲಿಗಳಿಗೂ ಇದೇ ಗತಿಯಾಗಬೇಕಿತ್ತು. ಆದರೆ ಮರಿಗಳು ಪ್ರಾಯಕ್ಕೆ ಬರುವ ಮೊದಲೇ, ಗಂಡಾಗಲಿ ಹೆಣ್ಣಾಗಲಿ, ಹುಟ್ಟಿದ ನೆಲೆಯನ್ನು ಬಿಟ್ಟು ಬೇರೆಡೆಗೆ ಹೊರಟುಹೋಗುತ್ತವೆ. ಹೀಗೆ ತಲೆತಲೆಗೂ ರಕ್ತವು ಬೆರೆಯುತ್ತ ಬರುವುದು. ಪುಣೆಯಲ್ಲಿ ಸ್ಟಾರ್ಜ್, ಭಟ್, ಕುನ್ಜ್ ಎಂಬ ವಿದ್ವಾಂಸರು ಇವುಗಳ ಡಿ.ಎನ್.ಎ.ಯನ್ನು ಪರೀಕ್ಷಿಸಿ 2001ರಲ್ಲಿ ಈ ವಿಚಾರವನ್ನು ಪ್ರಕಟಿಸಿದರು.

ಇದಕ್ಕಿಂತ ಸ್ವಾರಸ್ಯವಾದ ಸಂಗತಿ ಇನ್ನೊಂದುಂಟು. ದಕ್ಷಿಣದಿಂದ ಉತ್ತರಕ್ಕೆ ಹೋದಂತೆಲ್ಲ ಇದೇ ಜಾತಿಯ ಬಾವಲಿಯ ಮೈ ದೊಡ್ಡದಾಗುತ್ತ ಹೋಗುತ್ತದೆ. ಡಿ.ಎನ್.ಎ.ಯನ್ನು ನೋಡಿದರೋ, ದೂರ ಹೆಚ್ಚಿದಷ್ಟೂ ಸ್ವಲ್ಪಸ್ವಲ್ಪವೇ ಭೇದ ತೋರುವುದಲ್ಲದೆ ನಡುವೆ ಎಲ್ಲಿಯೂ ಗೋಡೆಯಿಟ್ಟಂತೆ ಬೇರ್ಪಟ್ಟಿಲ್ಲ. ರಕ್ತವು ಬೆರೆಯುತ್ತಿದ್ದರೂ ಮೈಯಳತೆ ಬೇರೆಯಾದುದೇಕೆ? ಆಯಾ ಸೀಮೆಯ ಹವೆಗೆ ಒಗ್ಗುವ ಮೈಯುಳ್ಳವು ಹೆಚ್ಚಾಗಿ ಬದುಕಿ ಮರಿಮಾಡಿದವು ಎಂಬುದೇ ಯುಕ್ತವಾದ ಸಮಾಧಾನ. ಹಳ್ಳಿಕಾರ್ ಮೊದಲಾದ ರಾಸುಗಳಿಂದ ಆರಿಸಿ ಆರಿಸಿ ಮೈಸೂರಿನ ಅರಸರು ದಂಡಿನ ಕೆಲಸಕ್ಕೆ ಅಮೃತಮಹಲ್ ತಳಿಯನ್ನು ಬೆಳೆಸಿದರು. ಅಲ್ಲಿ ಆರಿಸಿದವನು ಮನುಷ್ಯ, ಇಲ್ಲಿ ಹವೆ.

ಬೆರಕೆಯು ನಿಂತುಹೋದಲ್ಲಿ ಮಾತ್ರ ವಂಶಗಳು ಪೂರ್ತಿಯಾಗಿ ಕವಲೊಡೆಯುತ್ತವೆ. ಆ ಭೇದವು ಕಣ್ಣಿಗೆ ಬೀಳದೆಯೂ ಇರಬಹುದು. 1948ರಲ್ಲಿ ಮಧುರೆ ಸೀಮೆಯ ಹೈವೇವಿ ಬೆಟ್ಟದಲ್ಲಿ ಹಿಡಿದ ಒಂದು ಬಾವಲಿಯನ್ನು ಮೇಲೆ ಹೇಳಿದ ಸಾಮಾನ್ಯ ಜಾತಿಯೆಂದೇ ಬರೆದು ಮುಂಬಯಿಯ ಸಂಗ್ರಹದಲ್ಲಿ ಇಟ್ಟಿದ್ದರು. 1972ರಲ್ಲಿ ಥಾಂಗ್ಲೋಂಗ್ಯ ಎಂಬವರು ಅದನ್ನು ಪರೀಕ್ಷಿಸಿ, ಅದು ಹೊಸ ಜಾತಿ ಮಾತ್ರವಲ್ಲ, ಹೊಸ ಕುಲವೇ ಎಂದು ತೋರಿಸಿ, ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಹೆಸರನ್ನಿಟ್ಟರು. ಆದಕಾರಣ ಘಟ್ಟದ ಅಂಚಿನ ತೋಟಗಳಲ್ಲಿ ಕೈಗೆ ಸಿಕ್ಕಿದ ಬಾವಲಿಯನ್ನೆಲ್ಲ ಸಾಮಾನ್ಯ ಜಾತಿಯೆಂದು ಎಣಿಸಲಾಗದು.

ಇನ್ನು ತೋಟದ ಮಾತು. ಬಯಲುಸೀಮೆಯ ಒಂದು ಊರಿನಲ್ಲಿ ಕೊಂದ ಬಾವಲಿಗಳ ಸ್ಥಾನಕ್ಕೆ ನೆರೆಯೂರುಗಳ ಎಳೆಯವು ಬಂದು ಸೇರುವುವು. ವೆಚ್ಚವೂ ಶ್ರಮವೂ ವ್ಯರ್ಥ. ಅಲ್ಲದೆ ಹಿಪ್ಪೆ ಮುಂತಾದ ಮರಗಳ ಬೀಜವನ್ನು ದೂರಕ್ಕೊಯ್ದು ಬೀಳಿಸುವ ಪ್ರಾಣಿಯೂ ಇದೇ. 1972ರ ವನ್ಯಜೀವಿ ಕಾಯಿದೆಯು ಹಣ್ಣು ತಿನ್ನುವ ಬಾವಲಿಗಳನ್ನು ಹಾನಿಕರ ಪ್ರಾಣಿಗಳ ಪಟ್ಟಿಯಲ್ಲಿ ಸೇರಿಸಿತ್ತು. 2022ರ ತಿದ್ದುಪಡಿಯಿಂದ ಆ ಪಟ್ಟಿಯನ್ನೇ ತೆಗೆದುಹಾಕಲಾಗಿದೆ. ಹಳೆಯ ಕಾಯಿದೆಯನ್ನು ನೆಚ್ಚಿ ಕೋವಿ ಹಿಡಿಯತಕ್ಕದ್ದಲ್ಲ.

ಬಾಳೆಗೊನೆಗೆ ಚೀಲವನ್ನು ತೊಡಿಸುವುದೂ, ಸೀಬೆ ಗಿಡಗಳ ಮೇಲೆ ಸಣ್ಣ ಕಣ್ಣಿನ ಬಲೆಯನ್ನು ಎಳೆದು ಕಟ್ಟುವುದೂ ಉತ್ತಮ. ಬಲೆಯು ಸಡಿಲವಾಗಿದ್ದರೆ ಬಾವಲಿಗಳು ಸಿಕ್ಕಿಬಿದ್ದು ಸಾಯುವುವು, ಬಲೆಯೂ ಹರಿಯುವುದು. ಕೊಯ್ಲು ಮುಗಿದೊಡನೆ ಅದನ್ನು ಬಿಚ್ಚಿಡಬೇಕು. ಬಾವಲಿ ಕಚ್ಚಿ ಬಿಟ್ಟ ಹಣ್ಣನ್ನು ಮಕ್ಕಳು ತಿನ್ನದಂತೆ ಆಯ್ದು ಹೂಳತಕ್ಕದ್ದು.