ಮನೆಯ ಕಂಪ್ಯೂಟರ್: ಕರೆಂಟಿನಿಂದ ಕಾಗದಪತ್ರದವರೆಗೆ



ಮನೆಯ ಕಂಪ್ಯೂಟರಿಗೆ ಎರಡು ಬೆಲೆ. ಅಂಗಡಿಯಲ್ಲಿ ಎಣಿಸಿಕೊಟ್ಟದ್ದು ಯಂತ್ರದ ಬೆಲೆ. ಪಹಣಿಯ ಪ್ರತಿ, ಮಕ್ಕಳ ಅಂಕಪಟ್ಟಿ, ಮದುವೆಯ ಫೋಟೊ, ಅಜ್ಜಿ ಹಾಡಿದ ಬೀಸುವ ಪದ ಇವೆಲ್ಲ ಅದರೊಳಗೆ ಸೇರಿದ ಮೇಲೆ ಬರುವುದು ಇನ್ನೊಂದು ಬೆಲೆ. ಮೊದಲನೆಯದು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಎರಡನೆಯದು ಏರುತ್ತದೆ. ಯಂತ್ರದ ಆರೈಕೆಯೆಲ್ಲ ಈ ಎರಡನೆಯ ಬೆಲೆಗಾಗಿ.

ಆರೈಕೆ ಕರೆಂಟಿನಿಂದ ಶುರುವಾಗಬೇಕು. ಮನೆಗೆ ಬರಬೇಕಾದ ವೋಲ್ಟೇಜ್ 230. ಹೊಲದ ಪಂಪ್‌ಸೆಟ್ಟುಗಳು ಒಟ್ಟಿಗೆ ಎದ್ದಾಗ ಅದು ಇಳಿಯುತ್ತದೆ. ವೆಲ್ಡಿಂಗ್ ಶೆಡ್ ಇರುವ ಸಾಲಿನಲ್ಲಿ ದೀಪ ಮಿಣುಕುತ್ತದೆ. ಹೋದ ಕರೆಂಟ್ ಮರಳುವಾಗ ಒಮ್ಮೆಲೇ ಏರಿ ಬರುತ್ತದೆ. ಲ್ಯಾಪ್‌ಟಾಪಿನ ಅಡಾಪ್ಟರ್ ಮೇಲೆ ಸಾಮಾನ್ಯವಾಗಿ 100–240 ವೋಲ್ಟ್ ಎಂದು ಬರೆದಿರುತ್ತದೆ. ಹಾಗಾಗಿ ಇಳಿದ ವೋಲ್ಟೇಜನ್ನು ಅದು ತಾಳಿಕೊಳ್ಳುತ್ತದೆ, ಆದರೆ ಒಮ್ಮೆಲೇ ಏರುವ ಹೊಡೆತವನ್ನು ತಾಳದು. ಡೆಸ್ಕ್‌ಟಾಪಿಗೆ ಬ್ಯಾಟರಿಯೂ ಇಲ್ಲ. ಅದಕ್ಕೆ ಯುಪಿಎಸ್ ಬೇಕೇ ಬೇಕು. ಯುಪಿಎಸ್ ಇರುವುದು ಗಂಟೆಗಟ್ಟಲೆ ಕೆಲಸ ಮುಂದುವರಿಸಲಿಕ್ಕಲ್ಲ; ಬರೆದದ್ದನ್ನು ಉಳಿಸಿ, ಯಂತ್ರವನ್ನು ಸರಿಯಾಗಿ ಮುಚ್ಚುವಷ್ಟು ಹೊತ್ತು ಸಿಕ್ಕರೆ ಅದರ ಕೆಲಸ ಮುಗಿಯಿತು. ಬಿಸಿಯಾಗುವ ಹೊತ್ತಿಗೆ ಬಹಳ ಕರೆಂಟ್ ಎಳೆಯುವ ಲೇಸರ್ ಪ್ರಿಂಟರನ್ನು ಚಿಕ್ಕ ಯುಪಿಎಸ್‌ಗೆ ಜೋಡಿಸಬಾರದು. ಮನೆಯ ಇನ್ವರ್ಟರಿಗೇ ಕಂಪ್ಯೂಟರ್ ಹಚ್ಚುವುದಾದರೆ ಅದರ ಗುಂಡಿಯನ್ನು ಯುಪಿಎಸ್ ಕಡೆಗೆ ತಿರುಗಿಸಿಡಬೇಕು. ಇಲ್ಲದಿದ್ದರೆ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲೇ ಯಂತ್ರ ಆರಿಹೋಗಬಹುದು.

ಅರ್ಥಿಂಗ್ ಇನ್ನೂ ಮುಖ್ಯ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ ಇರುವುದೇ ಅದಕ್ಕೆ. ಎರಡು ರಂಧ್ರದ ಬೋರ್ಡಿಗೆ ಹೊಂದಿಸಲೆಂದು ಆ ಪಿನ್ನನ್ನು ತಪ್ಪಿಸಿದರೆ ರಕ್ಷಣೆಯೂ ತಪ್ಪುತ್ತದೆ. ಕ್ಯಾಬಿನೆಟ್ಟಿನ ತಗಡು ಮುಟ್ಟಿದಾಗ ಕೈ ಜುಮ್ಮೆಂದರೆ ಅರ್ಥಿಂಗ್ ಇಲ್ಲವೆಂದೇ ಅರ್ಥ. ವೈರ್‌ಮನ್ ಬಂದು ಸರಿಪಡಿಸುವ ತನಕ ಯಂತ್ರ ಹಚ್ಚಬಾರದು. ಬೇಸಿಗೆಯ ಕೊನೆಯಲ್ಲಿ ಗುಡುಗು ಸಿಡಿಲಿನ ಮಳೆ ಬರುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಇಂಟರ್ನೆಟ್ ಪೆಟ್ಟಿಗೆಯ ಪ್ಲಗ್ಗನ್ನೂ ಅಲ್ಲಿಂದ ಕಂಪ್ಯೂಟರಿಗೆ ಬರುವ ತಂತಿಯನ್ನೂ ಬಿಡಿಸಬೇಕು. ಸಿಡಿಲಿನ ಹೊಡೆತ ಆ ದಾರಿಯಲ್ಲೂ ಒಳಗೆ ಬರಬಲ್ಲುದು.

ಕರೆಂಟಿನ ನಂತರ ಧೂಳು ಮತ್ತು ಬಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಬಸವಕಲ್ಯಾಣ, ಹುಮನಾಬಾದ್ ಭಾಗದ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಸೋಯಾ, ತೊಗರಿಯ ರಾಶಿ ನಡೆದಾಗ ಹೊಟ್ಟಿನ ಪುಡಿ ಮನೆಯೊಳಗೆ ತೂರಿ ಬರುತ್ತದೆ. ಹುಮನಾಬಾದಿನಲ್ಲಿ ಪುಣೆ–ಹೈದರಾಬಾದ್ ಹೆದ್ದಾರಿಯ ಮಗ್ಗುಲಿನ ಮನೆಗಳಿಗೆ ಧೂಳು ವರ್ಷವಿಡೀ ತಪ್ಪಿದ್ದಲ್ಲ. ಕಂಪ್ಯೂಟರ್ ತನ್ನ ಬಿಸಿಯನ್ನು ಗಾಳಿಯಿಂದಲೇ ಹೊರಹಾಕುತ್ತದೆ. ಫ್ಯಾನಿನ ಸುತ್ತ ಧೂಳು ಗಟ್ಟಿಯಾದರೆ ಬಿಸಿ ಒಳಗೇ ನಿಂತು, ಯಂತ್ರ ತನ್ನನ್ನು ಕಾಯ್ದುಕೊಳ್ಳಲು ತಾನೇ ನಿಧಾನವಾಗುತ್ತದೆ; ಬಿಸಿ ಮೀರಿದರೆ ನಿಂತೇ ಬಿಡುತ್ತದೆ. ಆದುದರಿಂದ ಲ್ಯಾಪ್‌ಟಾಪನ್ನು ಗಾದಿ, ದಿಂಬಿನ ಮೇಲಿಡದೆ ಹಲಗೆಯ ಮೇಲಿಡಬೇಕು. ಡೆಸ್ಕ್‌ಟಾಪನ್ನು ನೆಲದಿಂದ ಎತ್ತರದಲ್ಲಿ, ಗೋಡೆಯಿಂದ ಒಂದು ಗೇಣು ದೂರ ಇರಿಸಬೇಕು. ಎರಡು ಮೂರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಒಣ ಕುಂಚದಿಂದ ಧೂಳು ತೆಗೆಯಬೇಕು. ಬ್ಲೋವರ್ ಹಿಡಿಯುವುದಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದಿರಬೇಕು, ಗಾಳಿಯ ರಭಸಕ್ಕೆ ಅದು ತಿರುಗಿ ಕೆಡಬಾರದು. ಬಟ್ಟೆಯ ಹೊದಿಕೆ ಒಳ್ಳೆಯದೇ, ಆದರೆ ಯಂತ್ರ ಆರಿ ತಣ್ಣಗಾದ ಮೇಲೆ.

ಯಂತ್ರ ನಿಧಾನವಾಯಿತೆಂದು ಹೊಸದನ್ನು ಕೊಳ್ಳುವ ಮೊದಲು ನೋಡಬೇಕಾದವು ಕೆಲವಿವೆ. ವಿಂಡೋಸ್‌ನಲ್ಲಿ ಶಟ್‌ಡೌನ್ ಮಾಡಿದಾಗ ಬಹುತೇಕ ಯಂತ್ರಗಳು ಹಿಂದಿನ ಸ್ಥಿತಿಯ ಒಂದು ಭಾಗವನ್ನು ಉಳಿಸಿಟ್ಟುಕೊಂಡು, ಮರುದಿನ ಬೇಗ ಎದ್ದೇಳುತ್ತವೆ. ತೊಡಕಿದ್ದರೆ ಅದೂ ಜತೆಗೇ ಎದ್ದೇಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಹೀಗಾಗಿ ಯಾವ ತೊಂದರೆಗೂ ಮೊದಲ ಮದ್ದು ರೀಸ್ಟಾರ್ಟ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಂತ್ರದೊಂದಿಗೆ ತಾವಾಗಿ ಏಳುವ ಬೇಡದ ಪ್ರೋಗ್ರಾಮುಗಳನ್ನು ಅಲ್ಲಿಯ ಸ್ಟಾರ್ಟಪ್ ಪಟ್ಟಿಯಲ್ಲಿ ನಿಲ್ಲಿಸಬಹುದು. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಹಳೆಯ ಯಂತ್ರವೂ ಚುರುಕಾಗುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಸುರಕ್ಷತೆಯ ಅಪ್‌ಡೇಟ್ ಬರದ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಮಾಡುವುದು ಸರಿಯಲ್ಲ. ವಿಂಡೋಸ್ 11 ಹಿಡಿಸದ ಯಂತ್ರಕ್ಕೆ ಉಚಿತವಾಗಿ ಸಿಗುವ ಲಿನಕ್ಸ್ ಒಂದು ದಾರಿ.

ಇನ್ನು ಬರೆಯುವ ಭಾಷೆ. ಕನ್ನಡದ ಜತೆಗೆ ಮರಾಠಿ, ಉರ್ದು ಕೂಡ ಮನೆಮನೆಯಲ್ಲಿ ಕೇಳುವ ಸೀಮೆ ಇದು. ಲೋಕದ ಭಾಷೆಗಳ ಅಕ್ಷರಗಳಿಗೆ ಒಂದೇ ಸಂಕೇತಕ್ರಮವಾದ ಯುನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. ಯುನಿಕೋಡ್‌ನಲ್ಲಿ ಬರೆದ ಕನ್ನಡ ಮೊಬೈಲಿನಲ್ಲೂ ಮಿಂಚಂಚೆಯಲ್ಲೂ ಹಾಗೆಯೇ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ. ವಿಂಡೋಸ್‌ನ ಭಾಷಾ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿಕೊಂಡರೆ, ವಿಂಡೋಸ್ ಕೀಲಿ ಮತ್ತು ಸ್ಪೇಸ್‌ಬಾರ್ ಒಟ್ಟಿಗೆ ಒತ್ತಿ ಭಾಷೆ ಬದಲಿಸಬಹುದು. ಇನ್‌ಸ್ಕ್ರಿಪ್ಟ್ ಕೀಲಿಮಣೆ ಕಲಿತವರಿಗೆ ಇಲ್ಲಿ ವಿಶೇಷ ಲಾಭವಿದೆ: ಕನ್ನಡದ ‘ಕ’ ಇರುವ ಕೀಲಿಯಲ್ಲೇ ಮರಾಠಿಯ ‘ಕ’ ಕೂಡ ಇದೆ. ಒಂದು ಕಲಿಕೆಯಲ್ಲಿ ಎರಡು ಭಾಷೆ ಕೈಗೆ ಬರುತ್ತವೆ. ಉರ್ದುವಿನ ಕೀಲಿಮಣೆ ಮಾತ್ರ ಬೇರೆ. ಅದನ್ನೂ ಅದೇ ಸೆಟ್ಟಿಂಗಿನಲ್ಲಿ ಸೇರಿಸಿಕೊಳ್ಳಬಹುದು. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸಲು ಬಯಸುವವರಿಗೆ 2019ರಿಂದ ವಿಂಡೋಸ್‌ನಲ್ಲೇ ಧ್ವನಿಗೆ ಹೊಂದುವ ಕೀಲಿಮಣೆ ಇದೆ.

ಈ ವಿಷಯದಲ್ಲಿ ತಡಮಾಡಬಾರದ ಕೆಲಸವೊಂದಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಪತ್ರ, ಲೇಖನ, ವಂಶಾವಳಿ ಎಷ್ಟೋ ಮನೆಗಳಲ್ಲಿ ಇವೆ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತವೆ. ಕಡತ ಕೆಟ್ಟಿತೆಂದು ಅಳಿಸಿಬಿಡಬಾರದು. ಪರಿವರ್ತಕ ತಂತ್ರಾಂಶದಿಂದ ಅವನ್ನು ಯುನಿಕೋಡ್‌ಗೆ ತಂದು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ ಉಳಿಸಿಕೊಳ್ಳಬೇಕು.

ಉಳಿಸಿದ್ದು ಬೇಕಾದಾಗ ಸಿಗಬೇಕು. ‘ಹೊಸದು’, ‘ಸ್ಕ್ಯಾನ್ 1’ ಎಂಬ ಹೆಸರುಗಳು ಆರು ತಿಂಗಳಿಗೆ ಯಾರಿಗೂ ನೆನಪಿರುವುದಿಲ್ಲ. ವರ್ಷ, ತಿಂಗಳು, ದಿನ, ಆಮೇಲೆ ವಿಷಯ ಎಂಬ ಕ್ರಮದಲ್ಲಿ ‘2025-06-12 ಪಹಣಿ’ ಎಂದು ಹೆಸರಿಟ್ಟರೆ ಕಡತಗಳು ತಾವೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಹೊಲ, ಶಾಲೆ, ಬ್ಯಾಂಕ್, ಆಸ್ಪತ್ರೆ, ಫೋಟೊ ಎಂದು ಐದು ಫೋಲ್ಡರ್ ಇದ್ದರೆ ಸಾಮಾನ್ಯ ಮನೆಗೆ ಸಾಕು. ಅರ್ಜಿಯ ತಾಣಗಳಿಗೆ ಕಡತ ಏರಿಸುವಾಗ ಅಲ್ಲಿ ಹೇಳಿದ ಅಳತೆಗೆ ಪ್ರತ್ಯೇಕ ಪ್ರತಿ ಮಾಡಿಕೊಳ್ಳಬೇಕು. ಮೂಲ ಸ್ಕ್ಯಾನನ್ನು ಕುಗ್ಗಿಸಬಾರದು.

ಎಲ್ಲಕ್ಕಿಂತ ದೊಡ್ಡ ಆರೈಕೆ ಪ್ರತಿ ಮಾಡಿಡುವುದು. ಡಿಸ್ಕ್ ಎಂಬುದು ಒಂದಲ್ಲ ಒಂದು ದಿನ ಕೆಡುವ ವಸ್ತು. ಇದರ ಪಾಠ ಹೊರಗಿನಿಂದ ಬರಬೇಕಿಲ್ಲ, ಅಂದು ಕಲ್ಯಾಣವೆನಿಸಿದ್ದ ಬಸವಕಲ್ಯಾಣದಲ್ಲೇ ಇದೆ. 12ನೇ ಶತಮಾನದ ಕ್ರಾಂತಿಯಲ್ಲಿ ಶರಣರು ಕಲ್ಯಾಣ ತೊರೆದಾಗ ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯವರೆಗೂ ಹೋದರೆಂದು ಪರಂಪರೆ ಹೇಳುತ್ತದೆ. ಮುಂದೆ ಮಠಗಳಲ್ಲಿ, ಮನೆಗಳಲ್ಲಿ ಓಲೆಯಿಂದ ಓಲೆಗೆ ಅವು ಪ್ರತಿಯಾದವು. ಹಾಗೆ ಹಲವೆಡೆ ಚದುರಿದ್ದ ಓಲೆಗಳನ್ನೇ ಹುಡುಕಿ ಕೂಡಿಸಿ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಪ್ರಕಟಿಸಿದರು. ಒಂದೇ ಊರಲ್ಲಿ, ಒಂದೇ ಪ್ರತಿಯಲ್ಲಿ ಇದ್ದಿದ್ದರೆ ಕೂಡಿಸಲು ಏನೂ ಉಳಿಯುತ್ತಿರಲಿಲ್ಲ.

ಕಂಪ್ಯೂಟರ್ ಬಲ್ಲವರ ನಿಯಮವೂ ಅದೇ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಕ್ಲೌಡ್‌ನಲ್ಲೋ ಬೀದರ್, ಸೊಲ್ಲಾಪುರ, ಹೈದರಾಬಾದಿನಲ್ಲಿರುವ ಬಂಧುಗಳ ಮನೆಯಲ್ಲೋ ಇರಬೇಕು. ಹೊರಗಿನ ಡಿಸ್ಕನ್ನು ಪ್ರತಿ ಮಾಡುವಾಗ ಮಾತ್ರ ಜೋಡಿಸಿ, ಮುಗಿದ ಕೂಡಲೆ ಬಿಡಿಸಿ ಅಲಮಾರಿಯಲ್ಲಿಡಬೇಕು. ಸದಾ ಜೋಡಿಸಿಟ್ಟರೆ ಸಿಡಿಲೂ ವೈರಸ್ಸೂ ಕಂಪ್ಯೂಟರನ್ನೂ ಡಿಸ್ಕನ್ನೂ ಒಟ್ಟಿಗೆ ಕೊಂಡೊಯ್ಯುತ್ತವೆ. ಪೆನ್‌ಡ್ರೈವ್ ಸಾಗಿಸಲಿಕ್ಕೆ ಸರಿ, ಕಾಪಿಡಲಿಕ್ಕೆ ಅಲ್ಲ. ಕಂಪ್ಯೂಟರಿನ ಜತೆ ತಾನಾಗಿ ಹೊಂದಿಕೊಳ್ಳುವ ಕ್ಲೌಡ್ ಫೋಲ್ಡರಿನಲ್ಲಿ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಅದೊಂದನ್ನೇ ನಂಬಬಾರದು. ಸರ್ಕಾರಿ ದಾಖಲೆಗಳಿಗೆ 2015ರಲ್ಲಿ ಶುರುವಾದ ಡಿಜಿಲಾಕರ್ ಇದೆ.

ಕೊನೆಯದು ವಂಚನೆ. ಝೆರಾಕ್ಸ್ ಅಂಗಡಿಗೆ ಕೊಟ್ಟ ಪೆನ್‌ಡ್ರೈವ್ ಮನೆಗೆ ಬಂದ ಕೂಡಲೆ ವೈರಸ್ ಪರೀಕ್ಷೆ ಆಗಬೇಕು. ಅಂಗಡಿಯ ಯಂತ್ರದಲ್ಲಿ ಆಧಾರ್ ಪ್ರತಿ ಇಳಿಸಿಕೊಂಡರೆ ಡೌನ್‌ಲೋಡ್ ಫೋಲ್ಡರಿನಿಂದ ಅಳಿಸಿ, ಖಾತೆಯಿಂದ ಹೊರಬಂದು ಏಳಬೇಕು. ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಪರದೆ ತುಂಬಿದರೆ ಕರೆ ಮಾಡದೆ ಆಲ್ಟ್ ಮತ್ತು ಎಫ್4 ಒತ್ತಿ ಮುಚ್ಚಬೇಕು; ಮುಚ್ಚದಿದ್ದರೆ ಯಂತ್ರವನ್ನೇ ಆರಿಸಬೇಕು. ದೂರದಿಂದ ಪರದೆ ನಡೆಸುವ ಆ್ಯಪನ್ನು ಅಪರಿಚಿತರ ಮಾತಿಗೆ ಹಾಕಿಕೊಂಡರೆ ಮನೆಯ ಬೀಗದ ಕೈ ಕೊಟ್ಟಂತೆ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪೊಲೀಸರೆಂದು ಹೇಳಿಕೊಂಡು ಕರೆಯಲ್ಲಿ ಬೆದರಿಸುವವರ ‘ಡಿಜಿಟಲ್ ಅರೆಸ್ಟ್’ ಎಂಬುದು ದೇಶದ ಯಾವ ಕಾನೂನಿನಲ್ಲೂ ಇಲ್ಲ. ಮೋಸವಾಯಿತೆಂದು ತಿಳಿದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಜಾರುವುದನ್ನು ತಡೆಯುವ ಅವಕಾಶ ಹೆಚ್ಚು. ಮನೆಯವರು ಬಯ್ದಾರೆಂಬ ಅಂಜಿಕೆಯಿಂದ ಮುಚ್ಚಿಡುವುದೇ ದೊಡ್ಡ ನಷ್ಟ. ಮೋಸಹೋದವರನ್ನು ಬಯ್ಯದಿರುವುದೂ ಮನೆಯ ಸುರಕ್ಷತೆಯ ಒಂದು ಭಾಗ.

ಇವೆಲ್ಲಕ್ಕೂ ವರ್ಷದ ಲೆಕ್ಕ ಸುಲಭ. ತಿಂಗಳಿಗೊಮ್ಮೆ ಅಮಾವಾಸ್ಯೆಯ ದಿನ ಹೊರಗಿನ ಡಿಸ್ಕಿಗೆ ಪ್ರತಿ. ಯುಗಾದಿಯ ಮೊದಲು ಅರ್ಥಿಂಗ್ ಮತ್ತು ಯುಪಿಎಸ್ ಬ್ಯಾಟರಿಯ ಪರೀಕ್ಷೆ, ಏಕೆಂದರೆ ಸಿಡಿಲಿನ ಮಳೆ ಆಮೇಲೆ ಬರುತ್ತದೆ. ರಾಶಿ ಮುಗಿದ ಮೇಲೆ ಧೂಳು ತೆಗೆಯುವುದು. ಆಯುಧ ಪೂಜೆಯಲ್ಲಿ ಯಂತ್ರಕ್ಕೆ ವಿಭೂತಿ, ಕುಂಕುಮ ಹಚ್ಚುವಾಗ ಗಾಳಿಯ ಕಿಂಡಿ, ತಂತಿಯ ಬಾಯಿಗಳಿಂದ ದೂರ ಹಚ್ಚುವುದು. ಆ ದಿನವೇ, ಮಾಡಿಟ್ಟ ಪ್ರತಿಗಳಲ್ಲಿ ಒಂದೆರಡನ್ನು ತೆರೆದು ನೋಡುವುದು. ತೆರೆಯದ ಪ್ರತಿ ಇದ್ದರೂ ಇಲ್ಲದಂತೆಯೇ.