ನಂಬರ್ 65 ಮತ್ತೆ ಸೀಟಿಗೆ ಹೋಗಲಿಲ್ಲ

ಫೀಡ್‌ಬ್ಯಾಕ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಬ್ಲಾಕ್ ಡಯಾಗ್ರಾಮ್. ಔಟ್‌ಪುಟ್ ನೋಡು, ಬೇಕಾದ್ದರ ಜೊತೆ ಹೋಲಿಸು, ತಪ್ಪಿದ್ದರೆ ತಿದ್ದು. ಪ್ರಾಣಿಗಳ ತರಬೇತಿಯೂ ಹೆಚ್ಚುಕಡಿಮೆ ಹೀಗೇ ನಡೆಯುತ್ತೆ. ಆದರೆ ಅಲ್ಲಿ ಬ್ಲಾಕ್ ಒಳಗಿರೋದು ಒಂದು ಜೀವ. ಅದರಿಂದ ಏನು ವ್ಯತ್ಯಾಸ ಆಗುತ್ತೆ ಅಂತ ಎರಡು ಉದಾಹರಣೆಗಳಲ್ಲಿ ನೋಡೋಣ.

ಮೊದಲನೆಯದು ಶಾಕ್ ಕೊಟ್ಟು ಕಲಿಸಿದ್ದು. 1961ರ ಜನವರಿ 31ರಂದು ಅಮೆರಿಕದವರು ಮನುಷ್ಯರಿಗಿಂತ ಮುಂಚೆ ಒಂದು ಚಿಂಪಾಂಜಿಯನ್ನು ರಾಕೆಟ್‌ನಲ್ಲಿ ಕಳಿಸಿದರು. ಕ್ಯಾಮರೂನ್‌ನಲ್ಲಿ ಹಿಡಿದು ತಂದ ಮರಿ ಅದು, ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ದಾಖಲೆಯಲ್ಲಿ ಅದು ನಂಬರ್ 65. ನ್ಯೂ ಮೆಕ್ಸಿಕೋದ ಹಾಲೋಮನ್ ವಾಯುನೆಲೆಯಲ್ಲಿ ಅದಕ್ಕೆ ಕಲಿಸಿದ ಪಾಠ ಇಷ್ಟೇ: ನೀಲಿ ದೀಪ ಹತ್ತಿದ ಐದು ಸೆಕೆಂಡ್ ಒಳಗೆ ಲಿವರ್ ಒತ್ತಬೇಕು. ಒತ್ತದಿದ್ದರೆ ಅಂಗಾಲಿಗೆ ಶಾಕ್.

ಹದಿನಾರೂವರೆ ನಿಮಿಷದ ಹಾರಾಟದಲ್ಲಿ ಅದು ಲಿವರ್ ಒತ್ತಿತು, ಬದುಕಿಯೂ ಬಂತು. ಆಮೇಲೆ ಹ್ಯಾಮ್ ಅಂತ ಹೆಸರಿಟ್ಟರು. ಹಲ್ಲು ಕಾಣೋ ಹಾಗೆ ‘ನಗ್ತಾ’ ಇರೋ ಅದರ ಫೋಟೋ ಪೇಪರ್‌ಗಳಲ್ಲೆಲ್ಲ ಬಂತು. ಆದರೆ ಚಿಂಪಾಂಜಿ ಹೀಗೆ ಹಲ್ಲು ಕಿರಿಯೋದು ಹೆದರಿದಾಗ. ಫೋಟೋಗೋಸ್ಕರ ಮತ್ತೆ ಆ ಸೀಟಿನಲ್ಲಿ ಕೂರಿಸೋಕೆ ಹೋದಾಗ ಹ್ಯಾಮ್ ಬಿಲ್ಕುಲ್ ಒಪ್ಪಲಿಲ್ಲ. ನಾಲ್ಕಾರು ಜನ ಸೇರಿದರೂ ಆಗಲಿಲ್ಲ.

ಅದೇ ವರ್ಷ ನವೆಂಬರ್ 29ರಂದು ಈನಾಸ್ ಎಂಬ ಇನ್ನೊಂದು ಚಿಂಪಾಂಜಿ ಭೂಮಿಯನ್ನು ಎರಡು ಸುತ್ತು ಸುತ್ತಿತು. ಮಧ್ಯದಲ್ಲಿ ಲಿವರ್ ವ್ಯವಸ್ಥೆ ಕೆಟ್ಟಿತು, ಸರಿಯಾಗಿ ಒತ್ತಿದರೂ ಶಾಕ್ ಹೊಡೀತಿತ್ತು. ಈನಾಸ್ ಆದರೂ ಕಲಿತ ಹಾಗೇ ಒತ್ತುತ್ತಾ ಹೋಯಿತು. ನಮ್ಮ ಲ್ಯಾಬ್‌ನಲ್ಲಿ ಇಂಥ ಫಾಲ್ಟ್ ಬಂದರೆ ರೀಡಿಂಗ್ ತಪ್ಪುತ್ತೆ, ಅಷ್ಟೇ. ಅಲ್ಲಿ ನೋವಾಗಿದ್ದು ಪ್ರಾಣಿಗೆ, ‘ನಿಲ್ಲಿಸಿ’ ಅನ್ನೋಕೆ ಅದಕ್ಕೆ ಬಟನ್ ಇರಲಿಲ್ಲ.

ಎರಡನೆಯದು, ಈಗ ಒಳ್ಳೆಯ ಮೃಗಾಲಯಗಳಲ್ಲಿ ಮಾಡೋ ತರಬೇತಿ. ಗಂಡು ಗೊರಿಲ್ಲಾಗಳಿಗೆ ಹೃದಯದ ಕಾಯಿಲೆ ಜಾಸ್ತಿ. ಪರೀಕ್ಷೆ ಮಾಡೋಣ ಅಂದರೆ ಅರಿವಳಿಕೆ ಕೊಡಬೇಕು, ಹೃದಯ ಸರಿಯಿಲ್ಲದ ಪ್ರಾಣಿಗೆ ಅದೇ ಅಪಾಯ. ಹಾಗಾಗಿ ಎಚ್ಚರ ಇರುವಾಗಲೇ ಸ್ಕ್ಯಾನ್ ಮಾಡಿಸಿಕೊಳ್ಳೋದನ್ನು ಕಲಿಸುತ್ತಾರೆ. ಅದು ಹೀಗೆ:

1. ‘ಟಿಕ್’ ಅನ್ನೋ ಕ್ಲಿಕ್ಕರ್ ಒತ್ತಿದ ಕೂಡಲೇ ಹಣ್ಣಿನ ಚೂರು. ಟಿಕ್ ಅಂದರೆ ‘ಸರಿ ಮಾಡಿದೆ’ ಅಂತ ಪ್ರಾಣಿಗೆ ಗೊತ್ತಾಗುತ್ತೆ.
2. ಜಾಲರಿ ಹತ್ತಿರ ಬಂದರೆ ಟಿಕ್. ಆಮೇಲೆ ಎದೆ ತಾಗಿಸಿದರೆ ಮಾತ್ರ ಟಿಕ್.
3. ಹಾಗೇ ಸ್ವಲ್ಪ ಹೊತ್ತು ನಿಂತರೆ ಟಿಕ್. ನಂತರ ಜೆಲ್, ಅದು ಅಭ್ಯಾಸ ಆದ ಮೇಲೆ ಸ್ಕ್ಯಾನ್ ಪ್ರೋಬ್.

ಮಧ್ಯದಲ್ಲಿ ಗೊರಿಲ್ಲಾ ಎದ್ದು ಹೋದರೆ ಶಿಕ್ಷೆ ಇಲ್ಲ, ದಿನದ ಊಟಕ್ಕೂ ಕತ್ತರಿ ಇಲ್ಲ. ತರಬೇತಿ ಕೊಡುವವರು ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ಶುರು ಮಾಡುತ್ತಾರೆ. ಅಂದರೆ ಪ್ರಾಣಿ ಎದ್ದು ಹೋಗಿದ್ದೂ ಒಂದು ಫೀಡ್‌ಬ್ಯಾಕ್, ತಿದ್ದಿಕೊಳ್ಳಬೇಕಾದವರು ಮನುಷ್ಯರು. ಹ್ಯಾಮ್ ಕೂಡ ‘ಬೇಡ’ ಅಂದಿತ್ತು, ಆದರೆ ಹಾರಾಟ ಮುಗಿದ ಮೇಲೆ.

ತರಬೇತಿ ಎಷ್ಟೇ ಚೆನ್ನಾಗಿದ್ದರೂ ಅದು ಒಂಟಿತನಕ್ಕೆ ಮದ್ದಲ್ಲ. 1963ರಲ್ಲಿ ವಾಷಿಂಗ್ಟನ್ ಮೃಗಾಲಯಕ್ಕೆ ಹೋದ ಹ್ಯಾಮ್ ಅಲ್ಲಿ 17 ವರ್ಷ ಒಂಟಿಯಾಗಿತ್ತು. 1980ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಬೇರೆ ಚಿಂಪಾಂಜಿಗಳ ಜೊತೆ ಸೇರಿಸಿದರು, 1983ರಲ್ಲಿ ಸತ್ತುಹೋಯಿತು. ನಮ್ಮ ಮೈಸೂರು ಮೃಗಾಲಯದ ಪೋಲೋ ಕೂಡ ದೇಶದ ಒಂದೇ ಗೊರಿಲ್ಲಾ ಆಗಿ ಬದುಕಿ 2014ರಲ್ಲಿ ತೀರಿಕೊಂಡಿತು. 2021ರಲ್ಲಿ ಜರ್ಮನಿಯಿಂದ ಬಂದ ಥಾಬೋ, ಡೆಂಬಾ ಅಣ್ಣತಮ್ಮಂದಿರು. ಜೋಡಿಯಾಗಿ ಬಂದಿದ್ದು ಸಮಾಧಾನದ ವಿಷಯ.

ಕೋತಿಗಳನ್ನು ಪ್ರದರ್ಶನಕ್ಕೆ ಪಳಗಿಸಿ ಕುಣಿಸೋದನ್ನು ನಮ್ಮ ದೇಶದಲ್ಲಿ 1998ರಲ್ಲೇ ನಿಷೇಧಿಸಿದ್ದಾರೆ. ಆದರೂ ಚಡ್ಡಿ ಹಾಕಿದ ಕೋತಿಯ ರೀಲ್ಸ್ ನಮ್ಮ ಫೋನಿಗೆ ಬರ್ತಾನೇ ಇರುತ್ತೆ. ಮುಂದಿನ ಸಲ ಫಾರ್ವರ್ಡ್ ಮಾಡೋ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಅದಕ್ಕೆ ಬೇಡ ಅನಿಸಿದರೆ ಎದ್ದು ಹೋಗಬಹುದಾ? ಹೋದರೂ ಊಟ ಸಿಗುತ್ತಾ? ಅದರ ಜಾತಿಯವರೇ ಯಾರಾದರೂ ಜೊತೆಗಿದ್ದಾರಾ? ಕತ್ತಲ್ಲಿ ಹಗ್ಗ ಕಂಡರೆ ಮೊದಲನೇ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.